ಹೃದಯಾಘಾತದ ಚಿಕಿತ್ಸೆಯ ನಂತರ ಮತ್ತೆ ಎದೆನೋವು: ಯಾವುದಕ್ಕೆ ಓಡಬೇಕು, ಯಾವುದನ್ನು ಬರೆದಿಡಬೇಕು

ಹೃದಯಾಘಾತವಾಗಿ, ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಒಳಗಿನಿಂದ ತೆರೆಯುವ ಚಿಕಿತ್ಸೆ) ಮಾಡಿಸಿಕೊಂಡು, ನಾಲ್ಕೈದು ದಿನಕ್ಕೆ ಮನೆ ಸೇರಿದವರಲ್ಲಿ ಬಹಳ ಮಂದಿಗೆ ಮೊದಲ ವಾರಗಳಲ್ಲಿ ಎದೆಯಲ್ಲಿ ಮತ್ತೆ ಏನಾದರೊಂದು ನೋವು ಕಾಣಿಸಿಕೊಳ್ಳುತ್ತದೆ. ಆಗ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ‘ಸ್ಟೆಂಟ್ ಹಾಕಿದ್ದಾರಲ್ಲ, ಇನ್ನೇನಾಗುತ್ತದೆ, ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸುತ್ತಾರೆ. ಇಲ್ಲವಾದರೆ, ಪಕ್ಕೆಯಲ್ಲಿ ಸಣ್ಣಗೆ ಚುಚ್ಚಿದರೂ ಮನೆಮಂದಿಗೆಲ್ಲ ಕೈಕಾಲು ಆಡದಂತಾಗಿ, ರೋಗಿಯನ್ನು ಹಾಸಿಗೆಯಿಂದ ಏಳಲೂ ಬಿಡುವುದಿಲ್ಲ. ಮೊದಲನೆಯದು ಜೀವಕ್ಕೇ ಎರವಾಗಬಹುದು. ಎರಡನೆಯದು ಗುಣವಾಗುತ್ತಿರುವ ಮನುಷ್ಯನನ್ನು ರೋಗಿಯಾಗಿಯೇ ಉಳಿಸುತ್ತದೆ.

ಯಾವ ನೋವು ಯಾವ ಬಗೆಯದು ಎಂದು ಗಮನಿಸಲು ಮನೆಯವರೂ ಕಲಿಯಬಹುದು, ಕಲಿಯಲೇಬೇಕು. ಇಲ್ಲಿರುವುದು ಅದಕ್ಕೆ ಬೇಕಾದ ಸಾಮಾನ್ಯ ತಿಳಿವಳಿಕೆ. ನಿಮ್ಮ ವೈದ್ಯರು ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ರೀತಿ ಬರೆದಿದ್ದರೆ ಅವರ ಮಾತೇ ನಡೆಯಬೇಕು.

ಮೊದಲು ಇದು: ಕಾಯಬಾರದ ನೋವು ಬಂದರೆ

ಎದೆಯ ನಡುವೆ ಹಿಂಡಿದಂತೆ, ಬಿಗಿದಂತೆ, ಮೇಲೆ ಭಾರ ಹೇರಿದಂತೆ ಅನ್ನಿಸುವುದು. ಅದು ಎಡಗೈಗೋ ಎರಡೂ ತೋಳುಗಳಿಗೋ, ದವಡೆಗೋ, ಬೆನ್ನಿಗೋ, ಹೊಟ್ಟೆಯ ಮೇಲ್ಭಾಗಕ್ಕೋ ಹರಡುವುದು. ಜೊತೆಗೆ ತಣ್ಣನೆಯ ಬೆವರು, ಏದುಸಿರು, ವಾಂತಿ, ಕಣ್ಣು ಕತ್ತಲಿಡುವುದು. ‘ಅವತ್ತು ಬಂದಿತ್ತಲ್ಲ, ಅಂಥದೇ ನೋವು’ ಎಂದು ರೋಗಿ ಹೇಳಿದರೆ ಬೇರೆ ಯಾವ ಲಕ್ಷಣಕ್ಕೂ ಕಾಯಬೇಕಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಮೈ ಬೆವರುವುದು, ಎದ್ದು ನಾಲ್ಕು ಹೆಜ್ಜೆ ಇಡಲಾಗದಷ್ಟು ಸುಸ್ತು, ಇವೇ ಅವರಲ್ಲಿ ಕಾಣುವ ಗುರುತುಗಳು.

1. ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಕುಳಿತುಕೊಳ್ಳಬೇಕು. ಬೆನ್ನಿಗೆ ಆಸರೆ ಇರಲಿ. ‘ಸ್ವಲ್ಪ ಓಡಾಡಿದರೆ ಸರಿಹೋಗುತ್ತದೆ’ ಎಂದು ಅಂಗಳದಲ್ಲಿ ಅಡ್ಡಾಡುವುದು ಬೇಡ.

2. ವೈದ್ಯರು ನಾಲಗೆಯ ಕೆಳಗಿಡುವ ಮಾತ್ರೆ ಬರೆದುಕೊಟ್ಟಿದ್ದರೆ (ನಮ್ಮಲ್ಲಿ ಹೆಚ್ಚಾಗಿ ಸಾರ್ಬಿಟ್ರೇಟ್ 5 ಮಿಲಿಗ್ರಾಂ) ಕುಳಿತೇ ಒಂದನ್ನು ನಾಲಗೆಯ ಕೆಳಗಿಡಿ. ನುಂಗಬಾರದು. ಅದು ರಕ್ತದೊತ್ತಡ ಇಳಿಸುವುದರಿಂದ ನಿಂತುಕೊಂಡು ಇಟ್ಟುಕೊಂಡರೆ ತಲೆಸುತ್ತಿ ಬೀಳುವ ಸಾಧ್ಯತೆಯಿದೆ. ಬಿಪಿ ಮೊದಲೇ ತೀರಾ ಕಡಿಮೆ ಇರುವವರು ಇಡಬಾರದು. ಕಳೆದ 24 ಗಂಟೆಗಳಲ್ಲಿ ಸಿಲ್ಡೆನಾಫಿಲ್ ಅಥವಾ 48 ಗಂಟೆಗಳಲ್ಲಿ ಟಡಾಲಾಫಿಲ್ (ಇವು ವಯಾಗ್ರದಂಥ, ಗಂಡಸರ ಲೈಂಗಿಕ ಸಮಸ್ಯೆಗೆ ಕೊಡುವ ಮಾತ್ರೆಗಳು) ನುಂಗಿದ್ದವರೂ ಇಡಬಾರದು. ಈ ಮಾತನ್ನು ಗಂಡಸರು ಸಂಕೋಚಪಟ್ಟು ಮನೆಯವರಿಂದ ಮುಚ್ಚಿಡುತ್ತಾರೆ. ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ.

3. ಗಡಿಯಾರ ನೋಡಿ. 5 ನಿಮಿಷದಲ್ಲಿ ನೋವು ಹೋಗದಿದ್ದರೆ, ಅಥವಾ ಹೆಚ್ಚಾದರೆ, 108ಕ್ಕೆ ಕರೆ ಮಾಡಿ. ಬೆವರು, ಉಸಿರುಕಟ್ಟು, ತಲೆಸುತ್ತು ಜೊತೆಗಿದ್ದರೆ ಆ 5 ನಿಮಿಷವನ್ನೂ ಕಾಯಬೇಡಿ. ಎರಡನೆಯ ಮಾತ್ರೆ ಇಡಬೇಕೇ, ಆಸ್ಪಿರಿನ್ ಅಗಿಯಬೇಕೇ ಎಂಬುದನ್ನು ಡಿಸ್ಚಾರ್ಜ್ ದಿನವೇ ವೈದ್ಯರಿಂದ ಕೇಳಿ, ಚೀಟಿಯ ಮೇಲೆ ಬರೆಸಿಕೊಂಡಿರಬೇಕು. ನೋವಿನ ನಡುವೆ ಚರ್ಚೆಗೆ ಹೊತ್ತಿರುವುದಿಲ್ಲ.

4. ರೋಗಿ ತಾನೇ ವಾಹನ ಓಡಿಸಬಾರದು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಹಳ್ಳಿಗಳಲ್ಲಿ ಈಗಲೂ ಇದೆ; ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಹಿಡಿದುಕೊಳ್ಳಲೂ ಆಗುವುದಿಲ್ಲ. ಆಂಬುಲೆನ್ಸ್ ತಡವಾಗುತ್ತದೆ ಎಂದು ಖಚಿತವಾದರೆ ಯಾರದಾದರೂ ಕಾರು ಇರಲಿ, ಪಕ್ಕದಲ್ಲಿ ಒಬ್ಬರು ಕುಳಿತಿರಲಿ.

5. ಆಸ್ಪತ್ರೆಯ ಬಾಗಿಲಲ್ಲೇ ಒಂದೇ ಉಸಿರಿನಲ್ಲಿ ಹೇಳಿ: ‘ಹದಿನೈದು ದಿನದ ಹಿಂದೆ ಹೃದಯಾಘಾತವಾಗಿತ್ತು, ಸ್ಟೆಂಟ್ ಹಾಕಿದ್ದಾರೆ, ಈಗ ಅರ್ಧ ಗಂಟೆಯಿಂದ ಎದೆನೋವು.’ ಇಷ್ಟು ಹೇಳಿದರೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ‘ಗ್ಯಾಸ್ ಆಗಿದೆ, ನೋಡಿ’ ಎಂದು ಶುರು ಮಾಡಿದರೆ ಸಾಲಿನಲ್ಲಿ ಕೂರಬೇಕಾಗುತ್ತದೆ.

ಹತ್ತಿರದಲ್ಲಿ ಇರುವುದು ತಾಲ್ಲೂಕು ಆಸ್ಪತ್ರೆ ಮಾತ್ರ ಎಂದಾದರೆ ಅಲ್ಲಿಗೇ ಹೋಗಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರ ಅಭಿಪ್ರಾಯ ಪಡೆಯುತ್ತಾರೆ. ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬೆಂಗಳೂರು, ಮೈಸೂರು ಅಥವಾ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೇ ಹೋಗೋಣ ಎಂದು ಎರಡು-ಮೂರು ಗಂಟೆಯ ದಾರಿ ಹಿಡಿಯುವ ಮೊದಲು ಒಂದು ಇಸಿಜಿ ಆಗಿರಲಿ.

ಇನ್ನೊಂದು ವಿಷಯ. ಮೊದಲ ಇಸಿಜಿ ಸರಿಯಾಗಿದೆ ಎಂದ ಮಾತ್ರಕ್ಕೆ ಎದ್ದು ಮನೆಗೆ ಬರಬೇಡಿ. ನೋವು ಇನ್ನೂ ಇದ್ದರೆ ಇಸಿಜಿಯನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಾಡುತ್ತಾರೆ. ಮೊದಲ ಆಘಾತದ ನಂತರ ಟ್ರೋಪೋನಿನ್ ಒಂದೆರಡು ವಾರ ಹೆಚ್ಚಾಗಿಯೇ ಇರಬಹುದಾದ್ದರಿಂದ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. ನಿಮ್ಮ ಹಳೆಯ ಇಸಿಜಿಯ ಫೋಟೋ ಮೊಬೈಲಿನಲ್ಲಿದ್ದರೆ ಆ ಹೊತ್ತಿನಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು. ಆಘಾತದ ಗುರುತು ಇಸಿಜಿಯಲ್ಲಿ ಉಳಿದಿರುತ್ತದೆ. ಹಳೆಯದು ಕೈಯಲ್ಲಿದ್ದರೆ ತಾನೇ ಹೊಸ ಬದಲಾವಣೆ ಯಾವುದೆಂದು ಡಾಕ್ಟರಿಗೆ ಗೊತ್ತಾಗುವುದು?

ನಿಮಗೆ ಆಗಿದ್ದೇನು ಎಂದು ತಿಳಿದುಕೊಳ್ಳಿ

ಕುಸಿಯುವ ಬಾವಿಗೆ ರಿಂಗ್ ಇಳಿಸಿದ ಹಾಗೆ, ಮುಚ್ಚಿಕೊಂಡ ರಕ್ತನಾಳವನ್ನು ಬಲೂನಿನಿಂದ ಅಗಲಿಸಿ, ಅದು ಮತ್ತೆ ಕುಸಿಯದಂತೆ ಒಳಗೆ ಕೂರಿಸುವ ಲೋಹದ ಬಲೆಯೇ ಸ್ಟೆಂಟ್. ಅದು ಆ ಜಾಗವನ್ನು ಮಾತ್ರ ಕಾಯುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ಮುಖ್ಯ ನಾಳಗಳು ಮೂರು: ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ. ತುರ್ತಿನಲ್ಲಿ ಸಾಮಾನ್ಯವಾಗಿ ಆಘಾತಕ್ಕೆ ಕಾರಣವಾದ ಒಂದನ್ನು ಮೊದಲು ತೆರೆಯುತ್ತಾರೆ. ಉಳಿದವುಗಳಲ್ಲಿ ಬ್ಲಾಕ್ ಇದ್ದರೆ ಅದಕ್ಕೆ ಮುಂದಿನ ದಿನಗಳಲ್ಲೋ ವಾರಗಳಲ್ಲೋ ಚಿಕಿತ್ಸೆ ಗೊತ್ತುಮಾಡುತ್ತಾರೆ. ಇದು ಗೊತ್ತಿಲ್ಲದವರು ‘ಸ್ಟೆಂಟ್ ಹಾಕಿದರೂ ನೋವು ಹೋಗಲಿಲ್ಲ, ದುಡ್ಡು ದಂಡ’ ಎಂದು ಬೇಸರಪಡುತ್ತಾರೆ.

ಆದ್ದರಿಂದ ಆಸ್ಪತ್ರೆ ಬಿಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಯಾವ ನಾಳಕ್ಕೆ ಸ್ಟೆಂಟ್ ಹಾಕಿದ್ದೀರಿ? ಬೇರೆ ನಾಳಗಳಲ್ಲಿ ಬ್ಲಾಕ್ ಇದೆಯೇ, ಎಷ್ಟು? ಹೃದಯದ ಪಂಪಿಂಗ್ ಎಷ್ಟಿದೆ? ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು ಎಷ್ಟು ತಿಂಗಳು ನುಂಗಬೇಕು? ಪಂಪಿಂಗ್ ಎಂದು ಎಲ್ಲರೂ ಹೇಳುವುದು ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಇಎಫ್ ಎಂದು ಬರೆದಿರುವ ಅಂಕಿ. 55ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚೆನ್ನಾಗಿದೆ ಎಂದರ್ಥ, 40ಕ್ಕಿಂತ ಕಡಿಮೆ ಇದ್ದರೆ ಹೃದಯ ದುರ್ಬಲವಾಗಿದೆ ಎಂದರ್ಥ. ಆಘಾತವಾದ ವಾರದ ಅಂಕಿಯೇ ಕೊನೆಯದಲ್ಲ. ಪೆಟ್ಟು ತಿಂದು ಮಂಕಾಗಿದ್ದ ಸ್ನಾಯು ವಾರಗಳು ಕಳೆದಂತೆ ಚೇತರಿಸಿಕೊಂಡು ಅಂಕಿ ಏರುವುದುಂಟು. ಅದಕ್ಕೇ ಆರು ವಾರದಿಂದ ಮೂರು ತಿಂಗಳೊಳಗೆ ಮತ್ತೊಮ್ಮೆ ಎಕೋ ಮಾಡುತ್ತಾರೆ.

ಕೇವಲ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಜೆಕ್ಷನ್ ಹೆಪ್ಪನ್ನು ಕರಗಿಸುತ್ತದೆ, ನಾಳದ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ ಅಲ್ಲೇ ಇರುತ್ತದೆ. ನೋವು ಹೋಯಿತೆಂದು ಆಸ್ಪತ್ರೆಯಿಂದ ಬಿಡಿಸಿಕೊಂಡು ಮನೆಗೆ ಬಂದುಬಿಟ್ಟರೆ ಅದೇ ಜಾಗ ಮತ್ತೆ ಮುಚ್ಚಬಹುದು. ಸಾಮಾನ್ಯವಾಗಿ ಇಂಜೆಕ್ಷನ್ ಆದ 24 ಗಂಟೆಯೊಳಗೆ ಆಂಜಿಯೋಗ್ರಾಂ (ನಾಳಗಳಲ್ಲಿ ಬ್ಲಾಕ್ ಎಲ್ಲಿದೆ ಎಂದು ತೋರಿಸುವ ಎಕ್ಸ್‌ರೇ ಪರೀಕ್ಷೆ) ಆಗಬೇಕು. ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರೆ ಅದೇ ದಿನ ಹೊರಡಿ. ಹಬ್ಬ, ಕೊಯ್ಲು, ಮದುವೆ ಯಾವುದಕ್ಕೂ ಮುಂದೂಡಬೇಡಿ.

ನೋವನ್ನು ಗುರುತಿಸುವ ಬಗೆ

ಎಲ್ಲಿ ನೋವು ಎಂದು ಕೇಳಿದಾಗ ರೋಗಿಯ ಕೈಯನ್ನು ನೋಡಿ. ನಮ್ಮ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಮೊದಲ ತಪಾಸಣೆಯಲ್ಲಿ ವೈದ್ಯರು, ‘ಯಜಮಾನರೇ, ಎಲ್ಲಿ ನೋವು, ತೋರಿಸಿ’ ಎಂದರು. ದೊಡ್ಡಪ್ಪ ತೋರುಬೆರಳನ್ನು ಎಡ ಪಕ್ಕೆಯ ಒಂದು ಜಾಗಕ್ಕೆ ಒತ್ತಿ, ‘ಇಲ್ಲಿ, ಮಗ್ಗುಲು ಬದಲಿಸಿದರೆ ಹಿಡಿಯುತ್ತದೆ’ ಎಂದರು. ವೈದ್ಯರು ಅದೇ ಜಾಗವನ್ನು ಒತ್ತಿದಾಗ ಮುಖ ಕಿವುಚಿದರು. ‘ಆವತ್ತು ಹಾರ್ಟ್ ಅಟ್ಯಾಕ್ ಆದಾಗ ಎಲ್ಲಿತ್ತು?’ ಎಂದು ಮತ್ತೆ ಕೇಳಿದಾಗ ಅವರ ಬೆರಳುಗಳೆಲ್ಲ ಮಡಚಿ, ಮುಷ್ಟಿ ತಾನಾಗಿ ಎದೆಯ ನಡುವೆ ಹೋಗಿ ಕುಳಿತಿತು. ಹೃದಯದ ನೋವನ್ನು ಜನ ಹೆಚ್ಚಾಗಿ ಮುಷ್ಟಿಯಿಂದಲೋ ಅಂಗೈಯಿಂದಲೋ ತೋರಿಸುತ್ತಾರೆ. ಬೆರಳ ತುದಿಯಷ್ಟು ಜಾಗದಲ್ಲಿದ್ದು, ಒತ್ತಿದರೆ ಹೆಚ್ಚಾಗುವ ನೋವು ಬಹುಮಟ್ಟಿಗೆ ಸ್ನಾಯುವಿನದು ಅಥವಾ ಪಕ್ಕೆಲುಬಿನದು. ಇದು ಒಂದು ಗುರುತು ಮಾತ್ರ, ಇದನ್ನೇ ನೆಚ್ಚಿ ತೀರ್ಪು ಕೊಡಬಾರದು.

ಸ್ಟೆಂಟ್ ಹಾಕಿದ ಮೊದಲ ಒಂದೆರಡು ದಿನ ನಾಳ ಹಿಗ್ಗಿದ್ದಕ್ಕೆ ಮಂದವಾದ ನೋವು ಕೆಲವರಿಗೆ ಇರುತ್ತದೆ. ಅದು ದಿನದಿನಕ್ಕೆ ಇಳಿಯಬೇಕು. ಏರಿದರೆ ಅದು ಬೇರೆಯೇ ನೋವು. ಆಘಾತದ ಹೊತ್ತಿನಲ್ಲಿ ಎದೆ ಒತ್ತಿ ಬದುಕಿಸಿದ್ದರೆ ಪಕ್ಕೆಲುಬುಗಳು ಕೆಲವು ವಾರ ನೋಯುತ್ತವೆ. ಕೆಮ್ಮಿದರೆ, ನಕ್ಕರೆ, ಹೊರಳಿದರೆ ಗೊತ್ತಾಗುತ್ತದೆ.

ದೊಡ್ಡ ಆಘಾತವಾದವರಲ್ಲಿ ಹೃದಯವನ್ನು ಸುತ್ತಿರುವ ಪೊರೆ ಊದಿಕೊಂಡು ನೋವು ಬರುವುದುಂಟು. ಮೊದಲ ಕೆಲವು ದಿನಗಳಲ್ಲೇ ಬರಬಹುದು, ಎರಡು ವಾರದಿಂದ ಎರಡು ತಿಂಗಳ ನಡುವೆ ಸಣ್ಣ ಜ್ವರದೊಂದಿಗೂ ಬರಬಹುದು. ಇದರ ಗುರುತು ಸ್ಪಷ್ಟ: ಚೂರಿಯಂತೆ ಹರಿತವಾದ ನೋವು, ಅಂಗಾತ ಮಲಗಿದರೆ ಮತ್ತು ದೀರ್ಘವಾಗಿ ಉಸಿರೆಳೆದರೆ ಹೆಚ್ಚು, ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಕಡಿಮೆ. ಇದನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವಂಥದಲ್ಲ.

ನಡೆದರೆ, ಮೆಟ್ಟಿಲು ಹತ್ತಿದರೆ ಎದೆ ಬಿಗಿದು, ನಿಂತರೆ ಎರಡು-ಮೂರು ನಿಮಿಷದಲ್ಲಿ ಬಿಡುವ ನೋವು ಆಂಜೈನಾ. ಬೇರೆ ನಾಳದಲ್ಲಿ ಉಳಿದಿರುವ ಬ್ಲಾಕ್ ಇದಕ್ಕೆ ಕಾರಣವಿರಬಹುದು, ತೀರ ಸಣ್ಣ ನಾಳಗಳು ಸರಿಯಾಗಿ ಹಿಗ್ಗದಿರುವುದೂ ಇರಬಹುದು. ಮೂರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಬಾರಿ ಶುರುವಾದರೆ ಸ್ಟೆಂಟಿನೊಳಗೇ ನಾಳ ಮತ್ತೆ ಕಿರಿದಾಗುತ್ತಿರಬಹುದು. ಹೊಸದಾಗಿ ಕಂಡರೆ ಒಂದೆರಡು ದಿನದೊಳಗೆ ನಿಮ್ಮ ಹೃದ್ರೋಗ ತಜ್ಞರಿಗೆ ತಿಳಿಸಿ. ಮೊದಲು ಎರಡು ಅಂತಸ್ತು ಹತ್ತಿದಾಗ ಬರುತ್ತಿದ್ದುದು ಈಗ ಬಚ್ಚಲಿಗೆ ನಡೆದರೆ ಬರುತ್ತಿದೆ, ಸುಮ್ಮನೆ ಕುಳಿತಾಗ ಬರುತ್ತಿದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದೆ ಎಂದರೆ ಅದು ತುರ್ತಿನ ಪಟ್ಟಿಗೆ ಸೇರಿತು.

ಎಲ್ಲಕ್ಕಿಂತ ಅಪಾಯದ್ದು ಸ್ಟೆಂಟಿನೊಳಗೆ ಇದ್ದಕ್ಕಿದ್ದಂತೆ ಹೆಪ್ಪುಗಟ್ಟುವುದು. ಇದು ವಿರಳ, ಆದರೆ ಆದಾಗ ಮತ್ತೊಂದು ದೊಡ್ಡ ಹೃದಯಾಘಾತವೇ ಆಗುತ್ತದೆ. ಮೊದಲ 30 ದಿನಗಳಲ್ಲಿ ಇದರ ಭಯ ಹೆಚ್ಚು, ಮತ್ತು ರಕ್ತ ತೆಳು ಮಾಡುವ ಮಾತ್ರೆ ಬಿಟ್ಟವರಲ್ಲಿ ಇನ್ನೂ ಹೆಚ್ಚು. ಹಾಗೆಯೇ, ದಿಢೀರ್ ಉಸಿರುಕಟ್ಟಿನ ಜೊತೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಶ್ವಾಸಕೋಶದ ನಾಳಕ್ಕೆ ಹೆಪ್ಪು ಹೋಗಿರಬಹುದು, ಅದಕ್ಕೂ 108.

ಇನ್ನು ಗ್ಯಾಸ್. ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆರಳಿಸುವುದು ನಿಜ, ಎದೆ ಉರಿಯೂ ಹುಳಿತೇಗೂ ಬರುವುದು ನಿಜ. ಊಟವಾದ ಮೇಲೆ, ಮಲಗಿದಾಗ, ಹೊಟ್ಟೆಯಿಂದ ಗಂಟಲಿನ ಕಡೆಗೆ ಉರಿ ಏರಿ ಬಂದರೆ ಅದು ಆಮ್ಲದ್ದಿರಬಹುದು. ಆದರೆ ಹೃದಯದ ಕೆಳಗೋಡೆಗೆ ಆಘಾತವಾದಾಗಲೂ ಹೊಟ್ಟೆಯ ಮೇಲ್ಭಾಗದಲ್ಲಿ ಇದೇ ತರಹದ ಸಂಕಟ, ತೇಗು, ವಾಂತಿ ಬರುತ್ತದೆ. ತೇಗು ಬಂದು ಹಗುರವಾಯಿತು ಎಂಬುದು ಹೃದಯ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸೋಡಾ, ಓಮದ ನೀರು, ಈನೋ ಕುಡಿದು ಕಾದು ಕುಳಿತ ಹೊತ್ತಿನಲ್ಲೇ ನಮ್ಮ ಊರುಗಳಲ್ಲಿ ಎಷ್ಟೋ ಜೀವಗಳು ಹೋಗಿವೆ. ಒಮ್ಮೆ ಹೃದಯಾಘಾತವಾದ ಮನುಷ್ಯನ ಮಟ್ಟಿಗೆ ಗ್ಯಾಸ್ ಎನ್ನುವುದು ಇಸಿಜಿ ಆದ ಮೇಲೆ ಹೇಳಬೇಕಾದ ಮಾತು.

ಭಯದಿಂದ ಬರುವ ನೋವಿಗೂ ಇದೇ ನಿಯಮ. ಎದೆ ಡವಗುಟ್ಟುವುದು, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುವುದು, ರಾತ್ರಿ ದೀಪ ಆರಿಸಿದ ಮೇಲೆ ಉಸಿರು ಸಾಲದೆನ್ನಿಸುವುದು, ಇವೆಲ್ಲ ಆತಂಕದ ಲಕ್ಷಣಗಳು. ಆದರೂ ಮೊದಲ ಸಲ ಬಂದಾಗ ಪರೀಕ್ಷೆ ಮಾಡಿಸಿಯೇ ನಿಶ್ಚಿಂತರಾಗಿ.

ನೋವಿನ ಪುಸ್ತಕ ಇಡಿ

ತುರ್ತಲ್ಲದ ಪ್ರತಿಯೊಂದು ನೋವನ್ನೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಸಮಯ, ಏನು ಮಾಡುತ್ತಿದ್ದಾಗ ಬಂತು, ಎಲ್ಲಿ, ಎಂಥದು, ಎಷ್ಟು ನಿಮಿಷ, ಏನು ಮಾಡಿದರೆ ಹೋಯಿತು. ದೊಡ್ಡಪ್ಪ ಏನು ಕೇಳಿದರೂ ‘ಏನಿಲ್ಲ ಬಿಡು’ ಎನ್ನುವವರು. ಅವರಿಗೆ ಈ ಪುಸ್ತಕ ಬರೆಯುವುದು ಹೇಳುವುದಕ್ಕಿಂತ ಸುಲಭವಾಯಿತು. ಅದರಲ್ಲಿ ಹೀಗಿತ್ತು: ‘ಬೆಳಗ್ಗೆ 6.40. ತೋಟದ ಏರು. ಎದೆ ಬಿಗಿ. ನಿಂತೆ. 3 ನಿಮಿಷ.’ ಎರಡು ದಿನ ಬಿಟ್ಟು ಮತ್ತೆ ಅದೇ ಏರು, ಅದೇ ಬಿಗಿ. ಸಮತಟ್ಟಾದ ರಸ್ತೆಯಲ್ಲಿ ನಡೆದ ದಿನ ಏನೂ ಇಲ್ಲ. ವೈದ್ಯರು ಆ ಪುಟ ಓದಿ, ಹಳೆಯ ಆಂಜಿಯೋಗ್ರಾಂ ತೆಗೆಸಿ, ಎರಡನೆಯ ನಾಳದ ಬ್ಲಾಕನ್ನು ತೋರಿಸಿ, ಅದಕ್ಕೆ ಚಿಕಿತ್ಸೆ ಗೊತ್ತುಮಾಡಿದರು. ‘ಆಗಾಗ ನೋಯುತ್ತದೆ ಸಾರ್’ ಎಂದಷ್ಟೇ ಹೇಳಿದ್ದರೆ ಆ ಐದು ನಿಮಿಷದ ಭೇಟಿಯಲ್ಲಿ ಇಷ್ಟು ಹೊರಬರುತ್ತಿರಲಿಲ್ಲ.

ಮಾತ್ರೆಗಳು: ಒಂದನ್ನೂ ತಾನಾಗಿ ಬಿಡುವಂತಿಲ್ಲ

ರಕ್ತ ತೆಳು ಮಾಡಲು ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್, ಪ್ರಾಸುಗ್ರೆಲ್ ಇವುಗಳಲ್ಲಿ ಒಂದು ಇರುತ್ತದೆ. ಹೃದಯಾಘಾತದ ನಂತರ ಈ ಜೋಡಿಯನ್ನು ಸಾಮಾನ್ಯವಾಗಿ 12 ತಿಂಗಳು ನುಂಗಬೇಕು, ಆಮೇಲೆ ಹೆಚ್ಚಿನವರಿಗೆ ಒಂದು ಉಳಿಯುತ್ತದೆ. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ಅವಧಿಯನ್ನು ವೈದ್ಯರು ಕಡಿಮೆ ಮಾಡಬಹುದು. ಅದು ಅವರ ತೀರ್ಮಾನ. ಹಲ್ಲು ಕೀಳಿಸುವಾಗ, ಕಣ್ಣಿನ ಪೊರೆ ತೆಗೆಸುವಾಗ ‘ರಕ್ತ ತೆಳು ಮಾಡುವ ಮಾತ್ರೆ ಐದು ದಿನ ನಿಲ್ಲಿಸಿ’ ಎಂದು ಯಾರೇ ಹೇಳಿದರೂ ನಿಮ್ಮ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ. ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ಟಿಕಾಗ್ರೆಲಾರ್ ನುಂಗುವ ಕೆಲವರಿಗೆ ಕುಳಿತಲ್ಲೇ ಉಸಿರು ಸಾಲದಂತೆ ಅನ್ನಿಸುತ್ತದೆ. ಅದು ಔಷಧದ ಗುಣವಿರಬಹುದು. ಆದರೆ ತೋರಿಸದೆ ಹಾಗೆಂದುಕೊಳ್ಳಬೇಡಿ. ಬೇಕಿದ್ದರೆ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಬೆಲೆ ಹೊರೆಯಾದರೆ ಅದನ್ನೂ ನಾಚಿಕೆಯಿಲ್ಲದೆ ಹೇಳಿ. ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್‌ನಂಥ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ದುಡ್ಡಿಲ್ಲವೆಂದು ದಿನ ಬಿಟ್ಟು ದಿನ ನುಂಗುವವರು ಇದ್ದಾರೆ. ಅದು ನುಂಗದೆ ಇರುವುದಕ್ಕಿಂತ ಬಹಳ ಉತ್ತಮವೇನಲ್ಲ.

ಸ್ಟಾಟಿನ್ ಕೊಲೆಸ್ಟರಾಲ್ ಇಳಿಸುತ್ತದೆ, ನಾಳದ ಗಡ್ಡೆ ಒಡೆಯದಂತೆ ಗಟ್ಟಿ ಮಾಡುತ್ತದೆ. ಕೊಲೆಸ್ಟರಾಲ್ ಸರಿಯಾಯಿತೆಂದು ನಿಲ್ಲಿಸುವ ಮಾತ್ರೆ ಅದಲ್ಲ. ಮೈಕೈ ನೋವು ಜೋರಾಗಿ ಬಂದರೆ ತಿಳಿಸಿ. ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಅಥವಾ ಬಿಸೊಪ್ರೊಲಾಲ್‌ನಿಂದ ಮೊದಲ ವಾರಗಳಲ್ಲಿ ಸುಸ್ತಾಗಬಹುದು, ಬಿಪಿ ಇಳಿಸುವ ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಎರಡಕ್ಕೂ ಬದಲಿ ಇದೆ.

ಮಂಡಿನೋವು, ಸೊಂಟನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್, ಅಸಿಕ್ಲೋಫಿನಾಕ್ ಇರುವ ಮಾತ್ರೆ ಬೇಡ, ಇಂಜೆಕ್ಷನ್ನೂ ಬೇಡ. ಅವು ಹೃದಯಕ್ಕೂ ಕಿಡ್ನಿಗೂ ಕೆಟ್ಟದ್ದು, ಹೊಟ್ಟೆಯಲ್ಲಿ ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ. ಊರಿನ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚುವ ಮೊದಲೇ ‘ನನಗೆ ಸ್ಟೆಂಟ್ ಇದೆ’ ಎಂದು ಹೇಳಿ. ಸಣ್ಣ ನೋವಿಗೆ ಪ್ಯಾರಸಿಟಮಾಲ್ ಸಾಕು. ಕ್ಲೋಪಿಡೋಗ್ರೆಲ್ ನುಂಗುವವರು ಹೊಟ್ಟೆ ಉರಿಗೆಂದು ಒಮೆಪ್ರಜೋಲ್ ಕೊಂಡು ನುಂಗಬಾರದು, ಅದು ಕ್ಲೋಪಿಡೋಗ್ರೆಲ್‌ನ ಕೆಲಸ ಕುಗ್ಗಿಸುತ್ತದೆ. ವೈದ್ಯರು ಹೆಚ್ಚಾಗಿ ಪ್ಯಾಂಟೊಪ್ರಜೋಲ್ ಬರೆಯುವುದು ಇದಕ್ಕೇ. ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ವಿನಿಗರ್ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಅದರಿಂದ ಬ್ಲಾಕ್ ಕರಗಿದ್ದಕ್ಕೆ ಪುರಾವೆಯಿಲ್ಲ, ಅದನ್ನು ನಂಬಿ ಮಾತ್ರೆ ಬಿಟ್ಟರೆ ಅಪಾಯ ಖಂಡಿತ. ‘ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಸೊಪ್ಪು ತಿನ್ನಬಾರದು’ ಎಂಬ ಮಾತೂ ಎಲ್ಲರಿಗೂ ಅನ್ವಯಿಸುವುದಿಲ್ಲ. ಅದು ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗುವವರಿಗೆ ಸಂಬಂಧಿಸಿದ್ದು; ಅವರೂ ಸೊಪ್ಪನ್ನು ಏರುಪೇರಿಲ್ಲದೆ ಒಂದೇ ಅಳತೆಯಲ್ಲಿ ತಿನ್ನಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುವವರು ಬಸ್ಸಾರು, ಮಸ್ಸೊಪ್ಪು ಧಾರಾಳವಾಗಿ ಉಣ್ಣಬಹುದು.

ಮೊದಲ ಆರು ವಾರ

ಆಂಜಿಯೋಪ್ಲಾಸ್ಟಿಯನ್ನು ಮಣಿಕಟ್ಟಿನ ನಾಳದಿಂದ ಮಾಡಿದ್ದರೆ ಆ ಕೈಯಲ್ಲಿ ಒಂದು ವಾರ ಭಾರ ಎತ್ತಬೇಡಿ. ತುಂಬಿದ 15 ಲೀಟರಿನ ಬಕೆಟ್ಟು 15 ಕಿಲೋ ತೂಗುತ್ತದೆ ಎಂಬುದು ನೆನಪಿರಲಿ. ಸ್ನಾನಕ್ಕೆ ನೀರನ್ನು ಬೇರೆಯವರು ತೋಡಿಕೊಡಲಿ. ನೀಲಿಗಟ್ಟುವುದು ಸಹಜ. ರಕ್ತ ಜಿನುಗಿದರೆ ಜಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಊತ ದೊಡ್ಡದಾಗುತ್ತಿದ್ದರೆ, ಬೆರಳು ತಣ್ಣಗಾಗಿ ಮರಗಟ್ಟಿದರೆ ಆಸ್ಪತ್ರೆಗೆ ಹೋಗಿ. ತೊಡೆಸಂದಿಯಿಂದ ಮಾಡಿದ್ದರೆ ಮೊದಲ ದಿನಗಳಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದು, ಮೆಟ್ಟಿಲು ಹತ್ತುವುದು ಕಡಿಮೆಯಿರಲಿ.

ನಡಿಗೆಯೇ ಔಷಧ. ಮೊದಲ ವಾರ ಮನೆಯಲ್ಲೋ ಅಂಗಳದಲ್ಲೋ ಸಮತಟ್ಟಾದ ಜಾಗದಲ್ಲಿ 5ರಿಂದ 10 ನಿಮಿಷ, ದಿನಕ್ಕೆ ಎರಡು ಸಲ. ದಿನದಿನಕ್ಕೆ ಒಂದೆರಡು ನಿಮಿಷ ಸೇರಿಸುತ್ತ ಹೋದರೆ ಆರು ವಾರದ ಹೊತ್ತಿಗೆ 30 ನಿಮಿಷಕ್ಕೆ ಬರಬಹುದು. ಪಂಪಿಂಗ್ ಕಡಿಮೆ ಇರುವವರು ತಮ್ಮ ವೈದ್ಯರು ಹೇಳಿದ ಅಳತೆಯಲ್ಲೇ ನಡೆಯಬೇಕು. ಜೊತೆಯವರೊಡನೆ ಮಾತಾಡುತ್ತ ನಡೆಯಲು ಆಗಬೇಕು. ಮಾತು ತುಂಡಾಗುವಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತು ಎಂದರ್ಥ. ಊಟವಾದ ಒಂದು ಗಂಟೆಯೊಳಗೆ ಬೇಡ, ಚಳಿಗಾಲದ ಮುಂಜಾನೆಯ ಮಂಜಿನಲ್ಲಿ ಬೇಡ, ಏರುದಾರಿ ಈಗಲೇ ಬೇಡ. ಹರಕೆಯಿದ್ದರೂ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವೈದ್ಯರು ಒಪ್ಪಿದ ಮೇಲೆ ಹತ್ತಿದರಾಯಿತು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹೃದಯ ಪುನಶ್ಚೇತನ ವಿಭಾಗವಿದ್ದರೆ ಖಂಡಿತ ಸೇರಿಕೊಳ್ಳಿ. ಇಸಿಜಿ ನೋಡುತ್ತಲೇ ನಡೆಸುವುದರಿಂದ ರೋಗಿಗೂ ಮನೆಯವರಿಗೂ ಬರುವ ಧೈರ್ಯವೇ ಬೇರೆ.

ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ಮರಳುವವರು ಇದ್ದಾರೆ. ಗುದ್ದಲಿ ಹಿಡಿಯುವವರಿಗೆ, ಮೂಟೆ ಹೊರುವವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಬಸ್, ಲಾರಿ, ಆಟೊ ಓಡಿಸುವವರು ವೈದ್ಯರ ಲಿಖಿತ ಒಪ್ಪಿಗೆ ಪಡೆದೇ ಚಕ್ರ ಹಿಡಿಯಬೇಕು. ಎರಡು ಅಂತಸ್ತಿನ ಮೆಟ್ಟಿಲನ್ನು ಎದೆನೋವಾಗಲಿ ಏದುಸಿರಾಗಲಿ ಇಲ್ಲದೆ ಹತ್ತಲು ಆದರೆ ದಾಂಪತ್ಯಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಈ ಪ್ರಶ್ನೆ ಗಂಡ-ಹೆಂಡತಿ ಇಬ್ಬರ ಮನಸ್ಸಿನಲ್ಲೂ ಇರುತ್ತದೆ, ಕೇಳುವವರು ಕಡಿಮೆ.

ಮಲಬದ್ಧತೆಯನ್ನು ಸಣ್ಣದೆಂದು ಕಡೆಗಣಿಸಬೇಡಿ. ಮುಕ್ಕಿರಿದರೆ ಹೃದಯಕ್ಕೆ ಶ್ರಮ. ಸೊಪ್ಪು, ಬಾಳೆಹಣ್ಣು, ಬೇಕಾದರೆ ಇಸಬ್‌ಗೋಲ್ ಇರಲಿ. ಬಿಪಿ ಮಾತ್ರೆ ನುಂಗುವವರು ಕುಳಿತಲ್ಲಿಂದ ದಿಢೀರನೆ ಏಳಬಾರದು. ಪಂಪಿಂಗ್ ಕಡಿಮೆ ಇರುವವರು ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಬೇಕು: ಮೂರು ದಿನದಲ್ಲಿ 2 ಕಿಲೋ ಏರಿದರೆ, ಪಾದ ಊದಿದರೆ, ರಾತ್ರಿ ಎರಡು-ಮೂರು ದಿಂಬು ಇಟ್ಟರಷ್ಟೇ ಉಸಿರಾಡಲು ಆಗುತ್ತಿದ್ದರೆ ಮೈಯಲ್ಲಿ ನೀರು ನಿಲ್ಲುತ್ತಿದೆ, ಅಂದೇ ಫೋನ್ ಮಾಡಿ.

ಬೈಪಾಸ್ (ಎದೆ ತೆರೆದು, ಕಾಲಿನಿಂದಲೋ ಎದೆಯಿಂದಲೋ ತೆಗೆದ ನಾಳವನ್ನು ಜೋಡಿಸಿ ಬ್ಲಾಕ್ ದಾಟಿಸುವ ಶಸ್ತ್ರಚಿಕಿತ್ಸೆ) ಆದವರ ಲೆಕ್ಕ ಬೇರೆ. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ಎಡ ಎದೆ ಮರಗಟ್ಟಿದಂತಿರುವುದು, ನಾಳ ತೆಗೆದ ಕಾಲು ಸ್ವಲ್ಪ ಊದುವುದು ಸಾಮಾನ್ಯ. ಗಾಯದಿಂದ ಕೀವು, ಜ್ವರ, ಮೂಳೆ ‘ಟಕ್’ ಎಂದಂತಾಗುವುದು ಸಾಮಾನ್ಯವಲ್ಲ.

ಊಟದ ವಿಷಯದಲ್ಲಿ ಮುದ್ದೆ, ಜೋಳದ ರೊಟ್ಟಿಗಳ ತಪ್ಪೇನಿಲ್ಲ. ಜೊತೆಗೆ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕರಿದ ತಿಂಡಿ, ಬೇಕರಿಯ ಪಫ್‌ಗಳದ್ದು. ಇಡೀ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ. ಬೀಡಿ, ಸಿಗರೇಟು, ಗುಟ್ಕಾ, ಎಲೆಯಡಿಕೆಯ ಹೊಗೆಸೊಪ್ಪು, ಇವನ್ನು ಇಂದೇ ಬಿಡಬೇಕು. ಹೃದಯಾಘಾತವಾದ ಮೇಲೂ ಹೊಗೆ ಸೇದುವುದನ್ನು ನಿಲ್ಲಿಸದವರಿಗೆ ಯಾವ ಸ್ಟೆಂಟೂ ರಕ್ಷಣೆಯಲ್ಲ.

ಮನಸ್ಸಿನ ಪೆಟ್ಟು

ಕಣ್ಣೀರು ಹಾಕದ ಗಂಡಸರು ಸಣ್ಣ ಮಾತಿಗೆ ಅಳುತ್ತಾರೆ, ಸಿಡುಕುತ್ತಾರೆ, ನಿದ್ದೆ ಮಾಡಲು ಹೆದರುತ್ತಾರೆ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆ. ಅದು ಬಂದಾಗ ಮಾತ್ರೆ ತಪ್ಪುತ್ತದೆ, ನಡಿಗೆ ನಿಲ್ಲುತ್ತದೆ, ಆದ್ದರಿಂದ ಅದು ಹೃದಯದ ಕಾಯಿಲೆಯೂ ಹೌದು. ಎರಡು ವಾರಕ್ಕೂ ಹೆಚ್ಚು ಮಂಕು ಕವಿದಿದ್ದರೆ ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಮಾಡಬೇಕಾದದ್ದು ಇಷ್ಟು: ನೋವು ಎಂದಾಗ ಗದರಬೇಡಿ, ‘ನಿನ್ನದು ಬರೀ ಭ್ರಮೆ’ ಎನ್ನಬೇಡಿ. ಒಮ್ಮೆ ಹಾಗೆಂದರೆ ಮುಂದಿನ ನೋವನ್ನು ಅವರು ಹೇಳುವುದೇ ಇಲ್ಲ.

ತಪಾಸಣೆಗೆ ಹೋಗುವಾಗ

ಮೊದಲ ಭೇಟಿ ಒಂದೆರಡು ವಾರದಲ್ಲಿ, ಆಮೇಲೆ ನಾಲ್ಕರಿಂದ ಆರು ವಾರದ ಹೊತ್ತಿಗೆ ಕೊಲೆಸ್ಟರಾಲ್ ಪರೀಕ್ಷೆ. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು. 55ಕ್ಕಿಂತ ಕೆಳಗೆ ತರಬೇಕು ಎನ್ನುವ ವೈದ್ಯರೂ ಇದ್ದಾರೆ. ಲ್ಯಾಬ್ ವರದಿಯಲ್ಲಿ 100ರವರೆಗೆ ಸರಿ ಎಂದು ಮುದ್ರಿಸಿರುತ್ತಾರೆ, ಅದು ಆಘಾತವಾಗದವರ ಲೆಕ್ಕ. ಬಿಪಿ 130/80ರೊಳಗೆ, ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7ರ ಆಸುಪಾಸು. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ಕೇಳಿ.

ಡಿಸ್ಚಾರ್ಜ್ ಚೀಟಿ, ಕೊನೆಯ ಇಸಿಜಿ, ಎಕೋ ವರದಿ, ಸ್ಟೆಂಟ್ ಕಾರ್ಡ್, ಈಗ ನುಂಗುತ್ತಿರುವ ಮಾತ್ರೆಗಳ ಹಾಳೆ, ಇವೆಲ್ಲದರ ಫೋಟೋ ರೋಗಿಯ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ. ನಾಲಗೆಯ ಕೆಳಗಿಡುವ ಮಾತ್ರೆ ಹಾಸಿಗೆಯ ಪಕ್ಕ ಒಂದು, ಅಂಗಿಯ ಜೇಬಿನಲ್ಲಿ ಒಂದು. ಅವಧಿ ಮುಗಿದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಅದು ಎಲ್ಲಿದೆ, 108ಕ್ಕೆ ಏನು ಹೇಳಬೇಕು ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ. ಮುಂದಿನ ಭೇಟಿಯ ದಿನಾಂಕವನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ, ನೋವಿನ ಪುಸ್ತಕವನ್ನು ಅದೇ ಚೀಲದಲ್ಲಿ ಇಡಿ.